ಜೇನುಮರಕ್ಕೆ ಪಹಣಿ ಬರೆದವರಾರು?

ಮೈಸೂರಿನ ದಸರೆಗೆ ಇನ್ನೂ ಎಷ್ಟೋ ವಾರಗಳಿರುವಾಗಲೇ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಒಂದು ಸಣ್ಣ ಉತ್ಸವ ನಡೆಯುವುದುಂಟು. ನಾಗರಹೊಳೆ ಅರಣ್ಯದ ಹೆಬ್ಬಾಗಿಲಿನಂತಿರುವ ಆ ಊರಿನಲ್ಲಿ ಆನೆಗಳಿಗೆ ಪೂಜೆ ಸಲ್ಲಿಸಿ, ಕಬ್ಬು ಬೆಲ್ಲ ತಿನ್ನಿಸಿ, ‘ಗಜಪಯಣ’ವೆಂಬ ಹೆಸರಿನಿಂದ ಅವುಗಳನ್ನು ಅರಮನೆಯ ನಗರಕ್ಕೆ ಬೀಳ್ಕೊಡುತ್ತಾರೆ. ನಗರವನ್ನು ಸೇರಿದ ಮೇಲೆ ಆನೆಗಳ ತೂಕವಾಗುತ್ತದೆ. ಯಾವ ಆನೆ ಎಷ್ಟು ಕಿಲೋಗ್ರಾಂ ತೂಗಿತು, ಅದರ ವಯಸ್ಸೆಷ್ಟು, ಯಾವ ಶಿಬಿರದಿಂದ ಬಂದದ್ದು ಎಂಬುದೆಲ್ಲ ಮರುದಿನದ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಮಕ್ಕಳಾದಿಯಾಗಿ ಮನೆಮಂದಿಯೆಲ್ಲ ಅದನ್ನು ಓದಿ ಸಂತೋಷಪಡುತ್ತಾರೆ. ಆನೆಯ ಕೊರಳ ಮೇಲೆ ಕುಳಿತು ಬಂದ ಮಾವುತ, ಅವನಿಗೆ ಸಹಾಯಕನಾಗಿ ಬಂದ ಕಾವಾಡಿ, ಅರಮನೆಯ ಅಂಗಳದ ತಾತ್ಕಾಲಿಕ ಬಿಡಾರಗಳಲ್ಲಿ ಸಂಸಾರ ಹೂಡುವ ಅವರ ಹೆಂಡಿರು, ಅಲ್ಲಿಯೇ ತೆರೆಯಲ್ಪಡುವ ಟೆಂಟ್ ಶಾಲೆಯಲ್ಲಿ ಅಕ್ಷರ ತಿದ್ದುವ ಮಕ್ಕಳು, ಇವರನ್ನು ಕುರಿತು ಒಂದೆರಡು ಚಿತ್ರಗಳು ಪ್ರಕಟವಾಗುವುದೂ ಉಂಟು. ಆದರೆ ಇವರು ಎಲ್ಲಿಯವರು, ಇವರ ತಾತ ಮುತ್ತಾತಂದಿರು ಯಾವ ನೆಲದಲ್ಲಿ ಬಾಳಿದರು ಎಂಬ ಪ್ರಶ್ನೆಗೆ ಸರ್ಕಾರದ ದಫ್ತರಗಳಲ್ಲಿ ಉತ್ತರ ಹುಡುಕಿದರೆ ಆನೆಯ ವಿಷಯದಲ್ಲಿ ಸಿಕ್ಕುವಷ್ಟು ಸಲೀಸಾಗಿ ಸಿಕ್ಕದು.

ಮಾವುತರಲ್ಲಿಯೂ ಕಾವಾಡಿಗಳಲ್ಲಿಯೂ ಹಲವರು ಜೇನುಕುರುಬರು. ಮೈಸೂರು, ಕೊಡಗು ಮತ್ತು ಚಾಮರಾಜನಗರ ಜಿಲ್ಲೆಗಳ ಕಾಡುಗಳಲ್ಲಿಯೂ ಕಾಡಂಚುಗಳಲ್ಲಿಯೂ ಹರಡಿಕೊಂಡಿರುವ ಈ ಜನರ ಸಂಖ್ಯೆ 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 36 ಸಾವಿರ. ‘ವಿಶೇಷವಾಗಿ ದುರ್ಬಲವಾದ ಬುಡಕಟ್ಟು’ ಎಂದು ಕೇಂದ್ರ ಸರ್ಕಾರವು ಗುರುತಿಸಿರುವ ಪಂಗಡಗಳು ಈ ರಾಜ್ಯದಲ್ಲಿ ಎರಡೇ: ಕರಾವಳಿಯ ಕೊರಗರು ಮತ್ತು ಈ ಜೇನುಕುರುಬರು. ‘ದುರ್ಬಲ’ವೆಂಬ ಈ ವಿಶೇಷಣ ಮಾತ್ರ ಚಿಂತನೆಗೆ ಅರ್ಹವಾದುದು. ನೂರಡಿ ಎತ್ತರದ ಮರವನ್ನು ರಾತ್ರಿಯ ಕತ್ತಲೆಯಲ್ಲಿ ಹತ್ತುವವನೂ ಕಾಡಾನೆಯ ಜಾಡು ಹಿಡಿದು ನಡೆಯುವವನೂ ಹುಟ್ಟಿನಿಂದ ದುರ್ಬಲನಾಗಿರಲಾರನು. ಅವನು ಯಾವಾಗ, ಯಾವುದರಿಂದ ದುರ್ಬಲನಾದನೆಂಬುದೇ ಇಲ್ಲಿಯ ವಿಷಯ.

ಹೆಸರೇ ಹೇಳುವಂತೆ ಇವರ ಕುಲಕಸುಬು ಜೇನು. ನಗರದವರಿಗೆ ಜೇನುತುಪ್ಪ ಒಂದೇ. ಸೀಸೆಯ ಮೇಲಿನ ಚೀಟಿ ಮಾತ್ರ ಬೇರೆ. ಇವರಿಗೋ ಹೆಜ್ಜೇನು, ತುಡುವೆ, ಕೋಲುಜೇನು, ನಸರು ಎಂದು ನಾಲ್ಕು ಬಗೆ. ಒಂದೊಂದರ ಸ್ವಭಾವ ಒಂದೊಂದು. ತುಡುವೆ ಮರದ ಪೊಟರೆಯಲ್ಲಿ ಗೂಡು ಕಟ್ಟುತ್ತದೆ, ಕೋಲುಜೇನು ಪೊದೆಯ ಸಣ್ಣ ಕಡ್ಡಿಗೆ ಹೆಣೆದುಕೊಳ್ಳುತ್ತದೆ. ಹೆಜ್ಜೇನಿಗೆ ಬೇಕಾದದ್ದು ಗಗನಚುಂಬಿಯಾದ ಮರ ಇಲ್ಲವೆ ಕಡಿದಾದ ಬಂಡೆ. ಕಾಡು ಹೂಬಿಟ್ಟಾಗ ಬಂದು, ಮಳೆ ಹಿಡಿಯುವ ಹೊತ್ತಿಗೆ ಹೊರಟುಹೋಗುವ ಈ ಹುಳುಗಳು ಮರುವರ್ಷ ಅದೇ ಮರವನ್ನು ಹುಡುಕಿಕೊಂಡು ಬರುತ್ತವೆ. ಒಂದೇ ಮರದಲ್ಲಿ ಹತ್ತಾರು ಹುಟ್ಟುಗಳು ತೂಗಾಡುವುದೂ ಉಂಟು. ಇಂತಹ ಮರಗಳು ಕಾಡಿನಲ್ಲಿ ಎಲ್ಲೆಲ್ಲಿವೆ ಎಂಬುದು ಹಾಡಿಯ ಹಿರಿಯರಿಗೆ ಬಾಯಿಪಾಠ. (ಗಿರಿಜನರ ಗುಡಿಸಲುಗಳ ಗುಂಪಿಗೆ ಈ ಸೀಮೆಯಲ್ಲಿ ಹಾಡಿಯೆಂದು ಹೆಸರು.) ಮೊದಲು ಕಂಡವನು ಗುರುತು ಮಾಡಿದ ಗೂಡು ಅವನದೇ, ಬೇರೊಬ್ಬನು ಅದಕ್ಕೆ ಕೈಹಾಕಬಾರದು ಎಂಬ ಕಟ್ಟುಪಾಡು ಜೇನು ಕೀಳುವ ಗುಡ್ಡಗಾಡಿನ ಜನರಲ್ಲಿ ಪ್ರಚಲಿತವಾಗಿದೆ. ಅಂದರೆ ಇವರಲ್ಲಿ ಆಸ್ತಿಯೆಂಬ ಕಲ್ಪನೆಯೇ ಇಲ್ಲವೆಂದು ಕೆಲವರು ತಿಳಿದಿರುವುದು ಸರಿಯಲ್ಲ. ಆಸ್ತಿಯೂ ಇತ್ತು, ಗಡಿಯೂ ಇತ್ತು, ಅತಿಕ್ರಮಿಸಿದವನಿಗೆ ಯಜಮಾನನ ಮುಂದೆ ನ್ಯಾಯವೂ ಆಗುತ್ತಿತ್ತು. ಇಲ್ಲದಿದ್ದದ್ದು ಒಂದೇ, ಕಾಗದ.

ಕಾಗದದ ಕಾಲ ಕಾಡಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ 1878ರ ಅರಣ್ಯ ಕಾಯಿದೆ, ಮೈಸೂರು ಸಂಸ್ಥಾನದಲ್ಲಿ 1900ರ ಅರಣ್ಯ ರೆಗ್ಯುಲೇಷನ್ ಜಾರಿಗೆ ಬಂದವು. ಕಾಡನ್ನು ಅಳೆದು, ಗಡಿಕಲ್ಲು ನೆಟ್ಟು, ‘ರಿಸರ್ವ್’ ಎಂದು ಘೋಷಿಸಲಾಯಿತು. ಒಂದೆರಡು ವರ್ಷ ಒಂದು ಕಡೆ ರಾಗಿ ಬಿತ್ತಿ, ಬಳಿಕ ಆ ನೆಲವನ್ನು ಕಾಡಿಗೇ ಬಿಟ್ಟು ಮುಂದೆ ಸಾಗುವ ಕುಮರಿ ಬೇಸಾಯಕ್ಕೆ ತಡೆ ಬಿದ್ದಿತು. ಆದರೂ ಜೇನುಕುರುಬರನ್ನು ಕಾಡಿನಿಂದ ಹೊರಗೆ ಅಟ್ಟಲಿಲ್ಲ. ಅದಕ್ಕೆ ಕಾರಣ ಕರುಣೆಯೆಂದು ಭಾವಿಸಬೇಕಾಗಿಲ್ಲ. ತೇಗದ ಪ್ಲಾಂಟೇಷನ್ ಎಬ್ಬಿಸಲು, ಮರ ಕಡಿದು ಸಾಗಿಸಲು, ಬೆಂಕಿಯ ಗೆರೆ ಕಾಯಲು, ದೊರೆಗಳಿಗೆ ಬೇಟೆಯ ಜಾಡು ತೋರಿಸಲು ಆಳುಗಳು ಬೇಕಾಗಿದ್ದರು. ಕಾಕನಕೋಟೆಯ ಕಾಡಿನಲ್ಲಿ ವೈಸರಾಯರೂ ರಾಜಕುಮಾರರೂ ಕುಳಿತು ನೋಡಿ ಬೆರಗಾದ ಖೆಡ್ಡಾದಲ್ಲಿ, ಆನೆಯ ಹಿಂಡನ್ನು ದಿನಗಟ್ಟಲೆ ಹಿಂಬಾಲಿಸಿ ಹೊಳೆಯ ಕಡೆಗೆ ತಿರುಗಿಸುತ್ತಿದ್ದವರು ಈ ಕುರುಬರೇ. ಆ ಖೆಡ್ಡಾದ ಭಾವಚಿತ್ರಗಳು ಇಂದಿಗೂ ಮೈಸೂರಿನ ಎಷ್ಟೋ ಹಳೆಯ ಮನೆಗಳ ಗೋಡೆಗಳಲ್ಲಿ ಕಾಣಸಿಗುತ್ತವೆ. ಕಟ್ಟಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಆ ಮೇಲೆ ಖೆಡ್ಡಾ ನಡೆಯುವಂತಿರಲಿಲ್ಲ. ನಡೆಸುವ ಜಾಗವೇ ನೀರಿನಲ್ಲಿ ಮುಳುಗಲಿತ್ತು. ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿಯ ಬಳಿ ಕಬಿನಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣವಾಯಿತು. ಹತ್ತೊಂಬತ್ತೂವರೆ ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯ. ಪೂರ್ಣಮಟ್ಟ ಸಮುದ್ರಮಟ್ಟದಿಂದ 2,284 ಅಡಿ. ಮಳೆಗಾಲದಲ್ಲಿ ಈ ಅಂಕಿಗೆ ನೀರು ಎಷ್ಟು ಅಡಿ ಸಮೀಪಿಸಿತೆಂದು ರೈತರೂ ರಾಜಕಾರಣಿಗಳೂ ಕಾತರದಿಂದ ಎದುರುನೋಡುತ್ತಾರೆ. ನಂಜನಗೂಡಿನ ಕಡೆಯ ಬಯಲುಗಳಿಗೆ ಬತ್ತವೂ ಕಬ್ಬೂ ಬಂದದ್ದು ಈ ನೀರಿನಿಂದ. ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಕೂಡಿಕೊಳ್ಳುವ ಈ ನದಿಯ ನೀರಿಗೂ ಬೆಂಗಳೂರಿನ ಗೃಹಿಣಿಯ ಅಡುಗೆಮನೆಯ ನಲ್ಲಿಗೂ ಸಂಬಂಧವಿದೆ. ಸಂಗಮದಿಂದ ಎಷ್ಟೋ ಕೆಳಗೆ ಶಿವ ಅಣೆಕಟ್ಟಿನ ಬಳಿ ಕಾವೇರಿಯಿಂದ ತೆಗೆದ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ ಎತ್ತಿ ತಂದು ರಾಜಧಾನಿಗೆ ಕುಡಿಸುತ್ತಾರೆ. ಆ ಯೋಜನೆಯ ಮೊದಲನೆಯ ಹಂತವೂ ಮುಗಿದದ್ದು 1974ರಲ್ಲಿಯೇ. ಇದು ಕಾಕತಾಳೀಯವಿರಬಹುದು. ಆದರೆ ಕಬಿನಿಯಂಚಿನ ಹಾಡಿಯವರಿಗೂ ತನಗೂ ಯಾವ ನಂಟೂ ಇಲ್ಲವೆಂದು ಬೆಂಗಳೂರಿನ ಸಂಸಾರವಂದಿಗನು ಹೇಳುವಂತಿಲ್ಲ.

ಜಲಾಶಯದಲ್ಲಿ ಮುಳುಗಿದ ಹಳ್ಳಿಗಳು ಇಪ್ಪತ್ತಕ್ಕೂ ಹೆಚ್ಚು. ಅಲ್ಲಿಯ ರೈತರಿಗೆ ಪರಿಹಾರದ ಹಣವೂ ಬದಲಿ ಜಮೀನೂ ದೊರೆತವು. ಅದು ಸಾಕಷ್ಟಿತ್ತೆ, ಸಕಾಲಕ್ಕೆ ಬಂದಿತೆ ಎಂಬುದು ಬೇರೆ ಕಥೆ. ನಾಡಿನ ಯಾವ ಅಣೆಕಟ್ಟಿನ ಸಂತ್ರಸ್ತರೂ ಅದನ್ನು ಮುಗಿಸಿ ಹೇಳಿದ್ದಿಲ್ಲ. ಜೇನುಕುರುಬರ ಪಾಡು ಅದಕ್ಕಿಂತಲೂ ಹಿಂದೆ ನಿಂತಿತು. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆಯಂತೆ ಪರಿಹಾರ ಸಲ್ಲಬೇಕಾದುದು ಭೂಮಿಯಲ್ಲಿ ಹಕ್ಕುಳ್ಳವನಿಗೆ. ಹಕ್ಕುಳ್ಳವನೆಂದರೆ ಪಟ್ಟೆ ಇದ್ದವನು, ಪಹಣಿಯಲ್ಲಿ ಹೆಸರಿದ್ದವನು. ಹಾಡಿಯಿದ್ದ ನೆಲವಾದರೋ ರಿಸರ್ವ್ ಅರಣ್ಯ, ಅರ್ಥಾತ್ ಆಗಲೇ ಸರ್ಕಾರದ ಸ್ವತ್ತು. ತನ್ನ ಸ್ವತ್ತನ್ನು ತಾನೇ ಮುಳುಗಿಸಿಕೊಳ್ಳಲು ಸರ್ಕಾರವು ಯಾರಿಗೂ ನೋಟೀಸು ಕೊಡಬೇಕಾದ ಅಗತ್ಯವಿರಲಿಲ್ಲ. ನೀರು ಏರಿತು, ಜನರು ಮೇಲಕ್ಕೆ ಸರಿದರು. ಗುಡಿಸಲು ಬಿದಿರು ಹುಲ್ಲಿನದು, ಮತ್ತೆ ಕಟ್ಟಿಕೊಳ್ಳಬಹುದು. ಕೆಳಗೆ ಉಳಿದದ್ದು ಹಿರಿಯರನ್ನು ಮಣ್ಣು ಮಾಡಿದ ತಾಣ, ದೇವರ ಕಲ್ಲುಗಳು, ಹೊಳೆಯಂಚಿನ ಹೆಮ್ಮರಗಳು. ಕಳೆದದ್ದು ಎಷ್ಟು ರೂಪಾಯಿನದೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಜೇನುಮರದ ಬೆಲೆಯನ್ನು ಯಾವ ಅಮಲ್ದಾರನ ಪಟ್ಟಿಯಲ್ಲಿ ನೋಡಿ ಹೇಳಬೇಕಾಗಿತ್ತು?

ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ದಡದುದ್ದಕ್ಕೂ ಹಸುರು ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ನೂರಾರು ಆನೆಗಳು ಬಂದು ನೆರೆಯುವ ದೃಶ್ಯ ಜಗತ್ಪ್ರಸಿದ್ಧವಾಗಿದೆ. 1980ರಲ್ಲಿ ಸ್ಥಾಪಿತವಾದ ಸರ್ಕಾರಿ ಸಂಸ್ಥೆಯೊಂದು ಕಾರಾಪುರದಲ್ಲಿ, ಹಿಂದೆ ಮಹಾರಾಜರು ಬೇಟೆಗೆ ಬಂದು ಇಳಿಯುತ್ತಿದ್ದ ಬಂಗಲೆಯನ್ನೊಳಗೊಂಡು ಅತಿಥಿಗೃಹ ತೆರೆಯಿತು. ಆ ಬಳಿಕ ಖಾಸಗಿಯವರು ಸಾಲುಗಟ್ಟಿ ಬಂದರು. ಒಂದು ರಾತ್ರಿಯ ವಸತಿಗೆ ಸಹಸ್ರಾರು ರೂಪಾಯಿ ತೆತ್ತು, ಬೆಳಗಿನ ಜಾವ ಜೀಪನ್ನೇರಿ ಹುಲಿಯನ್ನು ನೋಡಿ ಬರುವ ಸಂಸಾರಗಳು ನಗರಗಳಲ್ಲಿ ಈಗ ಕಡಮೆಯೇನಲ್ಲ. ನೋಡಬಾರದೆಂದು ಹೇಳುವ ಉದ್ದೇಶವಿಲ್ಲಿಲ್ಲ. ಅದೇ ಹೊತ್ತಿಗೆ ಬೇರೆ ಜೀಪುಗಳೂ ಅದೇ ತಾಲ್ಲೂಕಿನ ರಸ್ತೆಗಳಲ್ಲಿ ಓಡುತ್ತಿರುತ್ತವೆ. ಅವು ಹಾಡಿಗಳಿಂದ ಹೆಣ್ಣು ಗಂಡುಗಳನ್ನು ತುಂಬಿಕೊಂಡು ಕೊಡಗಿನ ಕಾಫಿ ತೋಟಗಳ ಕಡೆಗೆ ಧಾವಿಸುವ ಕೂಲಿಯ ಜೀಪುಗಳು.

ಆ ಜೀಪುಗಳಿಗೆ ಅಷ್ಟೊಂದು ಜನರು ಒದಗಿದ್ದು ಹೇಗೆಂಬುದಕ್ಕೆ ಅಣೆಕಟ್ಟೊಂದೇ ಕಾರಣವಲ್ಲ. 1955ರಲ್ಲಿಯೇ ನಾಗರಹೊಳೆ ವನ್ಯಪ್ರಾಣಿಧಾಮವಾಗಿದ್ದಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ, ಮರುವರ್ಷ ಹುಲಿ ಯೋಜನೆ ಬಂದವು. ನೆರೆಯ ಬಂಡೀಪುರವು ಆ ಯೋಜನೆಯ ಮೊದಲ ಒಂಬತ್ತು ಅರಣ್ಯಗಳಲ್ಲಿ ಒಂದು. ಮುಂದೆ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಸುಮಾರು 643 ಚದರ ಕಿಲೋಮೀಟರಿನ ಈ ಉದ್ಯಾನದ ಒಳಗಿದ್ದ ಹಾಡಿಗಳು ಒಂದೊಂದಾಗಿ ಖಾಲಿಯಾದವು. ಕೆಲವರನ್ನು ಗದರಿಸಿ ಕಳುಹಿಸಿದರು. ಕೆಲವರು ಬೇಸಾಯಕ್ಕೂ ಬೇಟೆಗೂ ಕಿರುಉತ್ಪನ್ನ ಸಂಗ್ರಹಕ್ಕೂ ತಡೆಯಾದಾಗ ಹೊಟ್ಟೆಪಾಡಿಗಾಗಿ ತಾವೇ ಹೊರಟರು. ಕರ್ನಾಟಕ ಉಚ್ಚ ನ್ಯಾಯಾಲಯವು ನೇಮಿಸಿದ, ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ನೇತೃತ್ವದ ಸಮಿತಿಯು 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ಹೀಗೆ ನೆಲೆ ತಪ್ಪಿದ ಬುಡಕಟ್ಟು ಕುಟುಂಬಗಳ ಸಂಖ್ಯೆಯನ್ನು 3,418 ಎಂದು ಕಾಣಿಸಲಾಗಿದೆ. ಜೇನುಕುರುಬರ ಜೊತೆಗೆ ಬಿದಿರು ಕೆಲಸದ ಬೆಟ್ಟಕುರುಬರೂ, ಕೊಡಗಿನ ಕಡೆಯ ಎರವರೂ, ಸೋಲಿಗರೂ ಇದರಲ್ಲಿ ಸೇರಿದ್ದಾರೆ.

ಕಾಡು ಬಿಟ್ಟವರಿಗೆ ಆಶ್ರಯವಾದದ್ದು ಕಾಫಿ ತೋಟದ ಲೈನ್‌ಮನೆ. ಸಾಲಾಗಿ ಕಟ್ಟಿದ ಒಂದೊಂದು ಕೋಣೆ. ಮುಂಗಡವೆಂದು ಪಡೆದ ಹಣ ತೀರುವವರೆಗೆ ದುಡಿಮೆ. ಹಬ್ಬಕ್ಕೋ ಕಾಯಿಲೆಗೋ ಮತ್ತೆ ಮುಂಗಡ. ಸಾಹುಕಾರರೆಲ್ಲ ಕ್ರೂರಿಗಳೆಂದಲ್ಲ. ಕೆಲಸವೂ ಕೋಣೆಯೂ ಒಬ್ಬನ ಕೈಯಲ್ಲಿಯೇ ಇರುವಾಗ, ಕೆಲಸ ಬಿಟ್ಟ ದಿನವೇ ಮನೆಯೂ ಹೋಗುತ್ತದೆಯೆಂಬ ಭಯ ಸಾಕು. ಹೀಗೆ ಹತ್ತಾರು ವರ್ಷ ದುಡಿದವರು ಲೈನ್‌ಮನೆ ಬೇಡವೆಂದು ಹೊರಬಂದು, ಕೊಡಗಿನ ದಿಡ್ಡಳ್ಳಿಯ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. 2016ರ ಡಿಸೆಂಬರ್ ತಿಂಗಳಲ್ಲಿ ಐನೂರಕ್ಕೂ ಮಿಕ್ಕ ಆ ಗುಡಿಸಲುಗಳನ್ನು ಅತಿಕ್ರಮಣವೆಂದು ಕೆಡವಲಾಯಿತು. ಚಳಿಯಲ್ಲಿ ಮರದಡಿ ಕುಳಿತು ಅವರು ಹೂಡಿದ ಚಳವಳಿ ರಾಜ್ಯದಾದ್ಯಂತ ಸುದ್ದಿಯಾದ ಮೇಲೆ, ಕುಶಾಲನಗರದ ಸಮೀಪದ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟಗಳಲ್ಲಿ ನಿವೇಶನಗಳು ದೊರೆತವು.

ಕಾಡನ್ನು ಕಾಪಾಡುವುದಕ್ಕಾಗಿಯೇ ಇಷ್ಟೆಲ್ಲ ಆಯಿತೆಂದರೆ ಒಪ್ಪಿಕೊಳ್ಳಬಹುದಾಗಿತ್ತು. ಆದರೆ ಹಾಡಿಗಳನ್ನು ತೆರವು ಮಾಡಿಸುತ್ತಿದ್ದ ಕಾಲದಲ್ಲಿಯೇ, 1994ರಲ್ಲಿ, ಅದೇ ಉದ್ಯಾನದ ಒಳಗೆ ಮೂರ್ಕಲ್ ಎಂಬಲ್ಲಿ ಹೆಸರಾಂತ ಹೋಟೆಲ್ ಸಂಸ್ಥೆಯೊಂದಕ್ಕೆ ವಿಹಾರಧಾಮ ನಡೆಸಲು ಗುತ್ತಿಗೆ ಕೊಡಲಾಯಿತು. ಜೇನು ಕೀಳುವವನು ಒಳಗಿದ್ದರೆ ಹುಲಿಗೆ ತೊಂದರೆ. ಪ್ರವಾಸಿ ಬಂದು ತಂಗಿದರೆ ತೊಂದರೆಯಿಲ್ಲ! ಗಿರಿಜನರು ಪ್ರತಿಭಟಿಸಿದರು, ಪ್ರಕರಣ ನ್ಯಾಯಾಲಯಕ್ಕೆ ಹೋಯಿತು, 1997ರಲ್ಲಿ ಉಚ್ಚ ನ್ಯಾಯಾಲಯವು ಆ ಗುತ್ತಿಗೆ ಅರಣ್ಯ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಅದೇ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಿಂದ ‘ಪರಿಸರ ಅಭಿವೃದ್ಧಿ’ ಯೋಜನೆಯೊಂದು ದೇಶದ ಏಳು ಅರಣ್ಯಗಳಲ್ಲಿ ಪ್ರಾರಂಭವಾಗಿ, ನಾಗರಹೊಳೆಯೂ ಅವುಗಳಲ್ಲಿ ಒಂದಾಯಿತು. ತಮ್ಮನ್ನು ಕೇಳದೆ ತಮ್ಮ ಭವಿಷ್ಯದ ಯೋಜನೆ ಹಾಕಿದರೆಂದು ಇಲ್ಲಿಯ ಆದಿವಾಸಿಗಳ ಸಂಘಟನೆಯು 1998ರಲ್ಲಿ ಬ್ಯಾಂಕಿನ ತಪಾಸಣಾ ಮಂಡಲಿಗೇ ದೂರಿತ್ತಿತು. ಊರಿನ ತಾಲ್ಲೂಕು ಕಚೇರಿಯಲ್ಲಿ ಒಂದು ಚೀಟಿಯೂ ಇಲ್ಲದವರ ಅಹವಾಲು ವಾಷಿಂಗ್‌ಟನ್ನಿನ ಕಡತ ಸೇರಿದ್ದು ಹೀಗೆ.

ಕಾಡಿನಿಂದ ಹೊರಬರಲೊಪ್ಪಿದವರಿಗಾಗಿ ಆ ದಶಕದ ಕೊನೆಯಲ್ಲಿ ಹುಣಸೂರಿನ ಕಡೆ ನಾಗಾಪುರವೆಂಬ ಪುನರ್ವಸತಿ ಕೇಂದ್ರ ಸಿದ್ಧವಾಯಿತು. ಕುಟುಂಬಕ್ಕೆ ಒಂದು ಮನೆ, ಸುಮಾರು ಐದು ಎಕರೆ ಜಮೀನು. ಶಾಲೆ, ವಿದ್ಯುದ್ದೀಪ, ರಸ್ತೆ, ಬಸ್ಸು ಬಂದವು. ಇವು ಬೇಡವಾದ ವಸ್ತುಗಳೆಂದು, ಕಾಡಿನ ಬಾಳೇ ಸ್ವರ್ಗವೆಂದು ನಗರದಲ್ಲಿ ಕುಳಿತು ಹಾಡುವುದು ಸುಲಭ; ರಾತ್ರಿಯ ಹೊತ್ತು ಹೆರಿಗೆಯ ನೋವು ಬಂದ ಹೆಂಗಸಿನ ಅಭಿಪ್ರಾಯ ಬೇರೆಯಿರಬಹುದು. ಹೊರಗೆ ಬಂದವರಲ್ಲಿ ಹಿಂದಿರುಗಲು ಮನಸ್ಸಿಲ್ಲದವರೂ ಇದ್ದಾರೆ, ಮಕ್ಕಳನ್ನು ಓದಿಸಿ ನೌಕರಿ ಕೊಡಿಸಿದವರೂ ಇದ್ದಾರೆ. ಆದರೆ ನೇಗಿಲು ಹಿಡಿದು ಅಭ್ಯಾಸವಿಲ್ಲದವನಿಗೆ ಎತ್ತು, ಬೀಜ, ನೀರು, ಮಾರುಕಟ್ಟೆಯ ತಿಳಿವಳಿಕೆ ಯಾವುದೂ ಕೂಡಿಬರದೆ ಐದು ಎಕರೆ ಕೊಟ್ಟರೆ ಏನಾಗಬಹುದೆಂಬುದನ್ನು ಒಕ್ಕಲುತನ ಬಲ್ಲವರು ಊಹಿಸಬಹುದು. ಜಮೀನು ಗೇಣಿಗೆ ಹೋಗುತ್ತದೆ, ಜಮೀನಿನವನು ಕೂಲಿಗೆ ಹೋಗುತ್ತಾನೆ. ಹುಲಿ ಸಂರಕ್ಷಿತ ಪ್ರದೇಶಗಳಿಂದ ಸ್ವಯಿಚ್ಛೆಯಿಂದ ಹೊರಬರುವ ಕುಟುಂಬಕ್ಕೆ 2008ರಿಂದ 10 ಲಕ್ಷ ರೂಪಾಯಿಯ ಪರಿಹಾರವಿತ್ತು. 2021ರಲ್ಲಿ ಅದು 15 ಲಕ್ಷವಾಯಿತು. ಅಷ್ಟು ದೊಡ್ಡ ಮೊತ್ತವನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದವರಿಗೆ ಅದು ಎಷ್ಟು ದಿನ ಉಳಿದೀತೆಂಬುದು ಬೇರೊಂದು ಪ್ರಶ್ನೆ.

ಊಟದ ವಿಷಯವನ್ನಂತೂ ಹೇಳಿಯೇ ಮುಂದುವರಿಯಬೇಕು. ಕಾಡುಗೆಣಸು, ಹತ್ತಾರು ಬಗೆಯ ಸೊಪ್ಪು, ಬಿದಿರಿನ ಕಳಲೆ, ಅಣಬೆ, ಹೊಳೆಯ ಮೀನು, ಏಡಿ, ಜೇನು, ಇವೆಲ್ಲ ಋತುವಿಗೆ ತಕ್ಕಂತೆ ಇವರ ಮನೆಗೆ ಬರುತ್ತಿದ್ದವು. ಈಗ ಜೇನುಕುರುಬರಿಗೂ ಕೊರಗರಿಗೂ ರಾಜ್ಯ ಸರ್ಕಾರವು ಪೌಷ್ಟಿಕ ಆಹಾರವನ್ನು ಹಂಚುತ್ತದೆ: ಧಾನ್ಯ, ಬೇಳೆಕಾಳು, ಎಣ್ಣೆ, ಬೆಲ್ಲ, ಮೊಟ್ಟೆ, ತುಪ್ಪ. ಒಳ್ಳೆಯ ಕೆಲಸವೇ, ಅದು ನಿಂತರೆ ಮಕ್ಕಳು ಬಡಕಲಾಗುತ್ತಾರೆ. ಆದರೆ ಕಾಡಿನ ನಡುವೆ ಊಟದ ಜ್ಞಾನವನ್ನೆಲ್ಲ ತಲೆಯಲ್ಲಿಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಪೊಟ್ಟಣ ತರುವ ವ್ಯಾನಿಗಾಗಿ ಕಾದು ಕುಳಿತಿರುವುದನ್ನು ಅಭಿವೃದ್ಧಿಯ ಯಾವ ಖಾತೆಗೆ ಬರೆಯಬೇಕೆಂಬುದನ್ನು ಲೆಕ್ಕಿಗರು ನಿರ್ಧರಿಸಬೇಕು.

ಹಾಗಾದರೆ ಹುಲಿಯ ಗತಿಯೇನೆಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೂ ಹೌದು. 2022ರ ಗಣತಿಯ ಅಂದಾಜಿನಲ್ಲಿ ನಾಗರಹೊಳೆಯಲ್ಲಿ 141, ಬಂಡೀಪುರದಲ್ಲಿ 150 ಹುಲಿಗಳು ಕಂಡುಬಂದವು. ದೇಶಕ್ಕೇ ಹೆಮ್ಮೆಯ ಸಂಖ್ಯೆಗಳಿವು. ಬೇಟೆಗಾರರನ್ನೂ ಮರಗಳ್ಳರನ್ನೂ ಎದುರಿಸಿ ಕಾಡು ಕಾಯ್ದ ಅರಣ್ಯ ನೌಕರರ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಅವರೊಡನೆ ಕಾವಲುಗಾರರಾಗಿ, ಜಾಡು ಹಿಡಿಯುವವರಾಗಿ ದುಡಿಯುವವರಲ್ಲಿ ಹಾಡಿಯ ಯುವಕರೂ ಇದ್ದಾರೆಂಬುದನ್ನು ಮಾತ್ರ ಮರೆಯಬಾರದು. ಮನುಷ್ಯನು ಹೋದರೆ ಹುಲಿ ಉಳಿಯುತ್ತದೆ, ಮನುಷ್ಯನಿದ್ದರೆ ಅಳಿಯುತ್ತದೆ ಎಂಬ ಸರಳ ಲೆಕ್ಕವನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವ ಅಷ್ಟಾಗಿ ಸಮರ್ಥಿಸುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಆ ಬೆಟ್ಟದಲ್ಲಿ ಸೋಲಿಗರು ಬೇಸಿಗೆಯ ಆರಂಭದಲ್ಲಿ ಒಣ ತರಗೆಲೆಗೆ ಸಣ್ಣದಾಗಿ ಬೆಂಕಿ ಕೊಡುತ್ತಿದ್ದರು. ‘ತರಗು ಬೆಂಕಿ’ಯೆಂದು ಅದಕ್ಕೆ ಹೆಸರು. ನೆಲಮಟ್ಟದಲ್ಲಿ ಓಡಿ ಆರಿಹೋಗುವ ಆ ಬೆಂಕಿಯಿಂದ ಮರಗಳಿಗೆ ಕೇಡಾಗುತ್ತಿರಲಿಲ್ಲ, ಹೊಸ ಹುಲ್ಲು ಚಿಗುರಿ ಜಿಂಕೆ ಕಾಟಿಗಳಿಗೆ ಮೇವಾಗುತ್ತಿತ್ತು ಎಂದು ಅವರ ಹೇಳಿಕೆ. ಕಾನೂನು ಬೆಂಕಿಯನ್ನು ನಿಲ್ಲಿಸಿತು. ಹೊರನಾಡಿನಿಂದ ಉದ್ಯಾನಗಳ ಅಲಂಕಾರಕ್ಕೆಂದು ಬಂದ ಲಂಟಾನ ಪೊದೆ ಆ ಮೇಲೆಯೇ ಕಾಡನ್ನು ಈ ಪರಿ ಆವರಿಸಿತೆಂದು ಸೋಲಿಗ ಹಿರಿಯರು ದೃಢವಾಗಿ ನಂಬುತ್ತಾರೆ. ಅವರ ಮಾತನ್ನು ಗಂಭೀರವಾಗಿ ಪರಿಗಣಿಸಿ ಅಧ್ಯಯನ ಮಾಡಿದ ವಿಜ್ಞಾನಿಗಳೂ ಉಂಟು. 2011ರ ಜನವರಿಯಲ್ಲಿ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿಯ 25 ಪೋಡುಗಳ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ, ಮರದ ಪಾಚಿ ಸಂಗ್ರಹಿಸಿ ಮಾರುವ ಅಧಿಕಾರವೂ ಅದರಲ್ಲಿ ಸೇರಿತು. ಹುಲಿ ಧಾಮದ ಒಳಗೆ ಇಂತಹ ಹಕ್ಕು ದೊರೆತದ್ದಕ್ಕೆ ದೇಶದಲ್ಲಿ ಹಿಂದಿನ ನಿದರ್ಶನ ಇರಲಿಲ್ಲ. ಹಕ್ಕು ಬಂದಿತೆಂದು ಹುಲಿಗಳು ಬೆಟ್ಟ ಬಿಟ್ಟು ಓಡಿಹೋಗಲಿಲ್ಲ.

ಸೋಲಿಗರಿಗೆ ಹಕ್ಕು ತಂದುಕೊಟ್ಟ ಕಾನೂನು 2006ರ ಅರಣ್ಯ ಹಕ್ಕು ಕಾಯಿದೆ. 2007ರ ಕೊನೆಯ ದಿನದಿಂದ ಅದು ಜಾರಿಯಲ್ಲಿದೆ. ಕಾಡಿನ ಜನರಿಗೆ ಚಾರಿತ್ರಿಕವಾಗಿ ಅನ್ಯಾಯವಾಗಿದೆಯೆಂದು ಪಾರ್ಲಿಮೆಂಟು ಅದರ ಪೀಠಿಕೆಯಲ್ಲಿಯೇ ಒಪ್ಪಿಕೊಂಡಿದೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿ ನೆಲೆಸಿ ಅದನ್ನೇ ಅವಲಂಬಿಸಿದ್ದ ಬುಡಕಟ್ಟಿನವರು ತಮ್ಮ ಸ್ವಾಧೀನದಲ್ಲಿದ್ದ ಭೂಮಿಯನ್ನು ನಾಲ್ಕು ಹೆಕ್ಟೇರಿನ ಮಿತಿಗೊಳಪಟ್ಟು ಕೇಳಬಹುದು. ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟವರಿಗೂ ಅದರಲ್ಲಿ ಅವಕಾಶವಿದೆ. ಅರ್ಜಿ ಮೊದಲು ಹೋಗಬೇಕಾದದ್ದು ಕಚೇರಿಗಲ್ಲ, ಗ್ರಾಮಸಭೆಗೆ. ಕಾಗದವಿಲ್ಲದವರನ್ನು ನೆನೆದೇ ನಿಯಮಗಳನ್ನು ರಚಿಸಿದಂತಿದೆ. ಎರಡು ಬಗೆಯ ಸಾಕ್ಷ್ಯ ಸಾಕು. ಹಿರಿಯರು ನುಡಿದು ಬರೆಸಿದ ಹೇಳಿಕೆಯೂ ಸಾಕ್ಷ್ಯ, ಸಮಾಧಿಯ ಸ್ಥಳವೂ ಸಾಕ್ಷ್ಯ, ದೇವರ ಬನವೂ ಸಾಕ್ಷ್ಯ. ಇಂತಹದೇ ದಾಖಲೆ ತರಬೇಕೆಂದು ಅಧಿಕಾರಿಗಳು ಹಟ ಹಿಡಿಯುವಂತಿಲ್ಲವೆಂದು 2012ರ ತಿದ್ದುಪಡಿಯಲ್ಲಿ ಬಿಡಿಸಿ ಹೇಳಲಾಯಿತು.

ಬರಹದಲ್ಲಿ ಇಷ್ಟು ಉದಾರವಾದ ಕಾನೂನು ಮೇಜಿನ ಮೇಲೆ ಬಂದಾಗ ಕುಗ್ಗುತ್ತದೆ. ಗ್ರಾಮಸಭೆ ಒಪ್ಪಿದ ಅರ್ಜಿ ಉಪವಿಭಾಗದ ಸಮಿತಿಗೆ ಹೋಗಬೇಕು, ಅಲ್ಲಿಂದ ಜಿಲ್ಲಾ ಸಮಿತಿಗೆ. ಅಲ್ಲಿ ಕುಳಿತವರು ಕಾಗದದ ಲೋಕದಲ್ಲಿಯೇ ಬೆಳೆದವರು. ಮತದಾರರ ಪಟ್ಟಿಯಲ್ಲಿ ಹೆಸರಿದೆಯೆ? ಪಡಿತರ ಚೀಟಿಯ ವಿಳಾಸ ಯಾವುದು? ವಿಳಾಸವು ಕಾಫಿ ತೋಟದ್ದಾಗಿದ್ದರೆ, ಕಾಡಿನಲ್ಲಿ ಇದ್ದುದಕ್ಕೆ ಆಧಾರವೇನು? ಒಕ್ಕಲೆಬ್ಬಿಸಿದ್ದರಿಂದಲೇ ತೋಟ ಸೇರಿದವನಿಗೆ, ತೋಟದಲ್ಲಿರುವುದರಿಂದ ಕಾಡಿನ ಹಕ್ಕಿಲ್ಲವೆಂಬ ಉತ್ತರ! ಬಿದಿರು ಗುಡಿಸಲು ಮೂವತ್ತು ನಲವತ್ತು ವರ್ಷಗಳ ಬಳಿಕ ಕಾಣಿಸುವ ಕುರುಹನ್ನು ಬಿಟ್ಟುಹೋಗುವುದಿಲ್ಲ. ಆಕಾಶದಿಂದ ಉಪಗ್ರಹ ತೆಗೆದ ಹಳೆಯ ಚಿತ್ರಗಳಲ್ಲಿ ಮರದ ನೆಲೆ ಕಾಣಬಹುದೇ ಹೊರತು ಮರದಡಿಯ ಮನೆ ಕಾಣುವುದು ಕಷ್ಟ.

ಇಂತಹ ಉತ್ತರಗಳಿಂದ ಬೇಸತ್ತು, 2025ರ ಮೇ ತಿಂಗಳಿನಲ್ಲಿ ಐವತ್ತರಷ್ಟು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕಾಡನ್ನು ಮರುಪ್ರವೇಶಿಸಿದವು. ಕರಡಿಕಲ್ಲು ಅತ್ತೂರು ಕೊಲ್ಲಿಯೆಂಬುದು ಅವರ ಹಿರಿಯರ ಹಾಡಿಯ ಹೆಸರು. ಹಿಂದೆ ತಮ್ಮನ್ನು ಎಬ್ಬಿಸಿದ ಜಾಗವೇ ಇದು, ಅರ್ಜಿ ಹಾಕಿ ವರ್ಷಗಳೇ ಕಳೆದವು, ಕಾಯುವುದು ಸಾಕಾಯಿತು ಎಂದು ಹೇಳಿ ಅಲ್ಲಿಯೇ ಬಿದಿರು, ಪ್ಲಾಸ್ಟಿಕ್ ಹೊದಿಕೆಗಳಿಂದ ಜೋಪಡಿ ಕಟ್ಟಿಕೊಂಡರು. ಅರಣ್ಯ ಇಲಾಖೆಯ ಕಣ್ಣಿಗೆ ಇದು ಕಾನೂನುಬಾಹಿರ ಪ್ರವೇಶ. ಬಂದವರ ಕಣ್ಣಿಗೆ ತವರಿಗೆ ಬಂದಂತೆ. ನೌಕರರು ಬಂದು ಸುತ್ತ ನಿಂತರು, ಮಾತುಕತೆಗಳಾದವು, ಮಳೆಗಾಲವೂ ಬಂದಿತು.

ಇಂತಹ ವಿವಾದದಲ್ಲಿ ತೀರ್ಮಾನಕ್ಕೆ ಬರಲು ಕಾನೂನು ತೋರಿಸಿರುವ ದಾರಿ ಸ್ಥಳಪರಿಶೀಲನೆ. ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯವರು, ಅರಣ್ಯ ಇಲಾಖೆಗೆ ಮುಂಚಿತವಾಗಿ ತಿಳಿಸಿ, ಅರ್ಜಿದಾರರೊಡನೆ ಕಾಡಿನೊಳಗೆ ನಡೆದು ನೋಡಿ ಬರೆದುಕೊಳ್ಳಬೇಕು. ಬೆಟ್ಟದ ಸೋಲಿಗರು ಹಿಂದೆ ಸಂಶೋಧಕರ ಜೊತೆಗೂಡಿ ತಮ್ಮ ಪವಿತ್ರಸ್ಥಳಗಳ ನಕ್ಷೆಯನ್ನೇ ತಯಾರಿಸಿದ್ದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಒಂದೊಂದು ಕುಲದ ಎಲ್ಲೆಯೊಳಗಿನ ಒಂದೊಂದು ತಾಣವೂ ಅದರಲ್ಲಿ ಗುರುತಾಯಿತು. ಹಾಗೆ ಮಾಡಬೇಕಾದರೆ ಮುಂದೆ ನಡೆದು ದಾರಿ ತೋರಿಸಲು ಮುದುಕರು ಬೇಕು. ಕಬಿನಿ ತುಂಬಿದ ವರ್ಷ ಇಪ್ಪತ್ತರ ಹರೆಯದಲ್ಲಿದ್ದು ಕಾಡಿನ ಮರಮರವನ್ನೂ ಬಲ್ಲವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಇಲ್ಲಿ ಅಪ್ಪನನ್ನು ಮಣ್ಣು ಮಾಡಿದ್ದು, ಇಲ್ಲಿ ರಾಗಿ ಬಿತ್ತಿದ್ದು, ಈ ಮರಕ್ಕೆ ಹೆಜ್ಜೇನು ಬರುತ್ತಿದ್ದುದು ಎಂದು ಕೈಯೆತ್ತಿ ತೋರಿಸಬಲ್ಲವರು ಹಾಡಿಗೆ ಒಬ್ಬಿಬ್ಬರು ಉಳಿದಿದ್ದಾರು. ಅವರಿಗೆ ಬಹುದೂರ ನಡೆಯಲಾಗದು, ಮಳೆಯಲ್ಲಿ ಕಾಡಿನ ದಾರಿ ಜಾರುತ್ತದೆ. ಸ್ಥಳಪರಿಶೀಲನೆಗೆ ದಿನ ಗೊತ್ತುಪಡಿಸುವವರು ಇದನ್ನು ಗಮನದಲ್ಲಿಟ್ಟುಕೊಂಡು ತಾರೀಕು ಇಡಬೇಕಾಗಿದೆ.